ಅರ್ಧ ಬಟ್ಟಲು

ಕಡಲು ವಾಪಸು ಬಂದಿದೆಯೆಂದು
ನಿನಗೂ ಯಾರೋ ಹೇಳಿರಬೇಕು, ಇಜ್‌ಬಾಸರ್.
ಇಲ್ಲದಿದ್ದರೆ ಮೂವತ್ತನಾಲ್ಕು ವರ್ಷದ ಮೇಲೆ
ಬಲ್ಖಾಶಿನಿಂದ ಮೂರು ರೈಲು ಬದಲಿಸಿ
ಒದ್ದೆ ಗೋಣಿಯಲ್ಲಿ ಮೀನು ಹೊತ್ತು
ನನ್ನ ಬಾಗಿಲಲ್ಲಿ ನಿಲ್ಲುತ್ತಿರಲಿಲ್ಲ ನೀನು.
ಮೊದಲು ನೀರು ನೋಡಿಬಂದೆ,
ಆಮೇಲೆ ನನ್ನನ್ನು.
ಆಗಲೂ ಹಾಗೆಯೇ ಇದ್ದೆ, ಬಿಡು.

ಸಮೋವರ್ ಕುದಿಯುತ್ತಿದೆ, ಕೂತುಕೋ.
ಕಾಲು ಮಡಚಲಾಗದಿದ್ದರೆ ಗೋಡೆಗೆ ಒರಗು;
ನನ್ನ ಮೊಣಕಾಲೂ ಈಗ ನಿನ್ನ ಪಕ್ಷವೇ.

ಅಣೆಕಟ್ಟು ಮುಗಿದ ಮರುವರ್ಷ
ಒಬ್ಬ ಹುಡುಗ ಬಂದಿದ್ದ ಪಟ್ಟಣದಿಂದ.
ಗಾಜಿನ ನಳಿಗೆಯಲ್ಲಿ ನೀರು ಹಿಡಿದು
ಏನೋ ಹನಿಸಿ, ಏನೋ ಓದಿ, ಹೇಳಿದ:
"ಅಜ್ಜಿ, ಉಪ್ಪು ಈಗ ಮೊದಲಿನಷ್ಟೇ. ಅದೇ ಕಡಲು."
ಅವನು ಹುಟ್ಟುವ ಮೊದಲೇ ಹೋದ ಕಡಲು ಅದು.
ಅಳತೆ ಸರಿಯೇ ಇದ್ದೀತು.
ನಾನು ಬೆರಳದ್ದಿ ನೆಕ್ಕಿ ನೋಡಿದೆ,
ನಾಲಿಗೆ ಒಪ್ಪಲಿಲ್ಲ.

ಡಬ್ಬಿ ಕಾರ್ಖಾನೆಯ ರಾತ್ರಿಪಾಳಿ ಮುಗಿಸಿ
ಮೊಣಕೈವರೆಗೆ ಹುರುಪೆ ಮಿನುಗಿಸುತ್ತ
ನಾನು ಕಟ್ಟೆಗೆ ಬರುವಾಗ
ನೀನು ದೋಣಿಯ ಮೂತಿಯ ಮೇಲೆ ಕೂತು
ಕಲ್ಲಂಗಡಿ ಒಡೆಯುತ್ತಿದ್ದೆ,
ಸೊಂಟದಲ್ಲಿ ಚಾಕುವಿದ್ದೂ ಮೊಣಕಾಲಿಗೆ ಕುಕ್ಕಿ.
ನೀರು ಆಗಲೇ ಹಿಂದೆ ಸರಿಯತೊಡಗಿತ್ತು.
ದೋಣಿಗೆ ಹತ್ತಲು ಪ್ರತಿ ಸಂಬಳದ ದಿನ
ಇನ್ನೊಂದು ಹಲಗೆ ಜೋಡಿಸಬೇಕು.
ಏಳು ಹಲಗೆ. ಎಂಟು. ಹನ್ನೊಂದು.
ಮುದುಕರು ಎಣಿಸಿ ಸುಮ್ಮನಾದರು.
ನಾವು ಎಣಿಸಿ ನಕ್ಕೆವು,
ಜೊತೆಗೆ ನಡೆಯಲು ಅಷ್ಟು ದಾರಿ ಹೆಚ್ಚು ಸಿಕ್ಕಿತೆಂದು.

ಆ ನಗು, ಇಜ್‌ಬಾಸರ್,
ಅದನ್ನು ಯಾವ ಅಣೆಕಟ್ಟು ಹಿಡಿದು ನಿಲ್ಲಿಸೀತು?

ಎರಡು ಹಂಗಾಮು, ಅಷ್ಟೇ, ಅಂದು ಹೋದೆ.
ಆಮೇಲೆ ರೈಲಿನಲ್ಲಿ ಬಂತು ಮೀನು,
ಯಾವುದೋ ಸಾಗರದ್ದು, ಕಲ್ಲಿನಂತೆ ಹೆಪ್ಪುಗಟ್ಟಿ,
ಹೆಸರು ಗೊತ್ತಿಲ್ಲದ ಮುಖಗಳು.
ಅವನ್ನೂ ಡಬ್ಬಿಗೆ ತುಂಬಿದೆವು.
ನಾನು ಬೈಮುರಾತನನ್ನು ಮದುವೆಯಾದೆ.
ಲಾರಿ ಓಡಿಸುತ್ತಿದ್ದ; ಕಲ್ಲಂಗಡಿ ಅವನಿಗೆ ಆಗುತ್ತಿರಲಿಲ್ಲ.
ಪ್ರೀತಿಸಿದೆ ಅವನನ್ನು, ನಿನ್ನೆದುರು ಸುಳ್ಳೇಕೆ.
ಅದು ನಿನ್ನದರ ನಕಲಲ್ಲ,
ನಿನ್ನ ಗಾಯಕ್ಕೆ ಹಚ್ಚಿದ ತೇಪೆಯೂ ಅಲ್ಲ.
ಅವನದೇ ಅದು. ಅವನೊಂದಿಗೇ ಮಣ್ಣಿಗೆ ಹೋಯಿತು,
ಎಂಟು ಚಳಿಗಾಲದ ಹಿಂದೆ.

"ಕಂಶಾತ್, ನೀರು ಬಂತಲ್ಲ," ಅನ್ನುತ್ತೀ,
"ನಾವೂ..."
ನನ್ನ ಹೆಸರಿನ ಮಧ್ಯದಲ್ಲಿ ನಿನ್ನ ದನಿ
ಅಂದಿನಂತೆಯೇ ಕೊಂಚ ಒಡೆಯುತ್ತದೆ.
ಕಣ್ಣು ಮುಚ್ಚಿದರೆ ಸಾಕು, ನೀನೇ.
ತೆರೆದರೂ ನೀನೇ. ಅದೇ ಕಷ್ಟ.
ಬೇರೆ ಯಾರಾದರೂ ಆಗಿದ್ದರೆ
ಹೊಸದಾಗಿ ಶುರುಮಾಡಬಹುದಿತ್ತೇನೋ.

ನಮ್ಮಲ್ಲಿ ಬಂದವರಿಗೆ ಅರ್ಧ ಬಟ್ಟಲು ಚಹಾ,
ಮತ್ತೆ ಮತ್ತೆ ಕೇಳಲಿ,
ಕೊಡುವಾಗ ಕೊಳ್ಳುವಾಗ ಬೆರಳು ತಾಗಲಿ ಎಂದು.
ತುಂಬಿ ಕೊಟ್ಟರೆ ಅರ್ಥ ಬೇರೆ:
ಏಳು, ಕತ್ತಲಾಗುತ್ತದೆ, ದಾರಿ ದೂರ.
ಮೂರು ಸಲ ಅರ್ಧ ಕೊಟ್ಟೆ.
ನಾಲ್ಕನೆಯದು ಅಂಚಿನವರೆಗೆ ಬಂತು.
ಬೇಕೆಂದೇ ಸುರಿದೆನೋ
ಒಬ್ಬಳೇ ಕುಡಿದೂ ಕುಡಿದೂ ಕೈಗೆ ಅಳತೆ ತಪ್ಪಿತೋ,
ದೇವರಾಣೆ, ಇನ್ನೂ ಗೊತ್ತಿಲ್ಲ.
ನೀನು ಬಟ್ಟಲನ್ನು ನೋಡಿದೆ.
ಒಂದು ಹನಿ ಚೆಲ್ಲದೆ ಕುಡಿದು
ಟೋಪಿ ಹುಡುಕತೊಡಗಿದೆ, ತಲೆಯ ಮೇಲೇ ಇತ್ತು.

ಮೀನು ಬಿಟ್ಟುಹೋಗಿದ್ದೆ.
ಹುರುಪೆ ಕೆರೆದೆ; ಅದನ್ನು ಕೈ ಮರೆತಿರಲಿಲ್ಲ.
ಹುರಿದೆ. ರುಚಿಯಾಗಿಯೇ ಇತ್ತು.
ಅರ್ಧ ಪಕ್ಕದ ಮನೆಗೆ ಕಳಿಸಿದೆ.
ಅಲ್ಲಿನ ಪುಟ್ಟ ಹುಡುಗಿ ಹುಟ್ಟಿದಂದಿನಿಂದ
ನಮ್ಮ ಕಡಲಿನ ಮೀನು ತಿಂದವಳಲ್ಲ.
ಅವಳಿಗೆ ಇದೇ ಕಡಲು, ಇದೇ ಮೊದಲು.
ಮುಳ್ಳು ಜೋಪಾನ, ಎಂದು ಹೇಳಿ ಕಳಿಸಿದೆ.